ಬಳೆಚೂರಿನ ಕೊಡೆ

ಹತ್ತು ವರ್ಷ ತುಂಬುವವರೆಗೆ ನಮ್ಮ ಮನೆಯಲ್ಲಿ ನನ್ನ ಬಲಗೈಗಿದ್ದಷ್ಟು ಮರ್ಯಾದೆ ಬೇರೆ ಯಾರಿಗೂ ಇರಲಿಲ್ಲ. ಮನೆಯ ದೊಡ್ಡ ದೀಪದ ಗಾಜಿನ ಬುರುಡೆಯೊಳಗೆ ಹೋಗುತ್ತಿದ್ದ ಕೈ ಅದೊಂದೇ. ಅವ್ವನ ಕೈ ಮುದ್ದೆ ತಿರುವಿ ತಿರುವಿ ದಪ್ಪಗಾಗಿತ್ತು. ಅಜ್ಜಿಯ ಬೆರಳುಗಳು ಸೊಟ್ಟಗಾಗಿದ್ದವು. ಅಣ್ಣನದು ನೇಗಿಲು ಹಿಡಿಯುವ ಕೈ, ಅವನು ಮುಟ್ಟಿದ್ದರೆ ಗಾಜು ಉಳಿಯುತ್ತಲೇ ಇರಲಿಲ್ಲ. ದಿನಾ ಸಂಜೆ ದನ ಮನೆ ಸೇರುವ ಹೊತ್ತಿಗೆ ನಾನು ಹಳೇ ಬಟ್ಟೆಯ ಚೂರಿಗೆ ಒಲೆಯ ಬೂದಿ ಹಚ್ಚಿಕೊಂಡು, ನಡುಮನೆಯ ಹೊಸ್ತಿಲ ಮೇಲೆ ಕಾಲು ಚಾಚಿ ಕೂತು, ಬುರುಡೆಯನ್ನು ತೊಡೆಯ ಮೇಲಿಟ್ಟುಕೊಂಡು ಒಳಗಿನ ಮಸಿ ಒರೆಸುತ್ತಿದ್ದೆ. ಗಾಜು ಕಾಣದಷ್ಟು ತಿಳಿಯಾಗುವವರೆಗೂ ಬಿಡುತ್ತಿರಲಿಲ್ಲ. ಆಮೇಲೆ ಅಪ್ಪ ಬತ್ತಿ ಹಚ್ಚಿ, ಬುರುಡೆ ಏರಿಸಿ, ಒಂದು ಹೆಜ್ಜೆ ಹಿಂದೆ ಸರಿದು ನೋಡಿ ಒಂದು ಮಾತು ಹೇಳುತ್ತಿದ್ದ. ನಾನು ಆ ಒಂದು ಮಾತಿಗಾಗಿ ಬೆಳಗಿನಿಂದ ಕಾಯುತ್ತಿದ್ದೆ ಅಂದರೆ ಸುಳ್ಳಲ್ಲ.

"ನಮ್ ಕೆಂಪಿ ಕೈಯಿಲ್ದಿದ್ರೆ ಈ ದೀಪ ಕುರುಡು ಕಣ್ಲಾ."

ಅದನ್ನು ಅಪ್ಪ ಅಣ್ಣನ ಕಡೆ ತಿರುಗಿ ಹೇಳುತ್ತಿದ್ದ, ನನ್ನ ಕಡೆಯಲ್ಲ. ಹಾಗೆ ಹೇಳಿದರೇ ಅದಕ್ಕೆ ತೂಕ ಹೆಚ್ಚು.

ನಮ್ಮದು ಕಂಪಲಾಪುರ. ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ರಸ್ತೆ ನಮ್ಮ ಮನೆಯ ಮಗ್ಗುಲಲ್ಲೇ ಇತ್ತು. ಮನೆಯೊಳಗೆ ಕಾಲಿಟ್ಟರೆ ಎಡಗಡೆ ದನ, ಬಲಗಡೆ ಒಲೆ, ನಡುವೆ ನಾವು. ದನದ ಉಸಿರು, ಒಲೆಯ ಹೊಗೆ, ನಮ್ಮ ಜಗಳ ಎಲ್ಲ ಒಂದೇ ಸೂರಿನಡಿ. ಅಪ್ಪ ಗಾಡಿ ಕಟ್ಟಿಕೊಂಡು ಕೊಡಗಿನ ಎಸ್ಟೇಟುಗಳಿಗೆ ಅಕ್ಕಿ, ಹುಲ್ಲು ಹೇರಿಕೊಂಡು ಹೋಗುತ್ತಿದ್ದ. ಒಂದು ಸಲ ಯಾರೋ ದೊರೆ ಬಂಗಲೆ ಖಾಲಿ ಮಾಡಿಕೊಂಡು ತನ್ನ ಸೀಮೆಗೆ ಹೊರಟಿದ್ದನಂತೆ, ಅಲ್ಲಿಂದ ಆ ದೀಪವನ್ನು ಹುಲ್ಲಿನ ನಡುವೆ ಮಗುವಿನ ಹಾಗೆ ಮಲಗಿಸಿಕೊಂಡು ತಂದ. ಹಿತ್ತಾಳೆಯ ಕಾಲು, ಹೊಟ್ಟೆಯ ತುಂಬ ಸೀಮೆಎಣ್ಣೆ, ಉದ್ದ ಗಾಜಿನ ಬುರುಡೆ. ಬುರುಡೆಯ ಸುತ್ತ, ಸ್ವಲ್ಪ ಮೇಲೆ, ತಟ್ಟೆಯಷ್ಟು ಅಗಲದ ಹಿತ್ತಾಳೆಯ ಬಳೆಯೊಂದಿತ್ತು, ಅದರ ಅಂಚಿಗೆಲ್ಲ ಸಣ್ಣ ಸಣ್ಣ ತೂತು. ಆ ತೂತು ಯಾಕೆಂದು ನಮಗ್ಯಾರಿಗೂ ಮೊದಲು ಗೊತ್ತಾಗಲಿಲ್ಲ. ಹರಳೆಣ್ಣೆ ದೀಪಕ್ಕೆ ಒಗ್ಗಿದ್ದ ಕಣ್ಣುಗಳು ನಮ್ಮವು. ದೊರೆ ದೀಪ ಹಚ್ಚಿದ ದಿನ ಅವ್ವ ಜಂತೆಯಲ್ಲಿದ್ದ ಜೇಡರ ಬಲೆ ನೋಡಿ ನಾಚಿಕೊಂಡಳು. ಪೊರೆ ಬರುತ್ತಿದ್ದ ಕಣ್ಣಿನ ಅಜ್ಜಿ ಮಾತ್ರ ಸೆರಗು ಮುಖಕ್ಕೆ ಎಳೆದುಕೊಂಡು ಗೋಡೆಗೆ ತಿರುಗಿದಳು.

"ಇದೇನ್ಲಾ ಮಗ ತಂದಿದ್ದೀಯೆ? ಕಣ್ಗೆ ಸೂಜಿ ಆಕಿ ಚುಚ್ಚಿದಂಗಾಯ್ತದೆ."

"ಇದ್ಕೊಂದು ಕೊಡೆ ಇತ್ತಂತೆ ಕಣವ್ವಾ, ಬೆಳಕು ಕಣ್ಗೆ ಒಡೀದಂಗೆ ಈ ತೂತ್ಗೆ ಸಿಗಾಕೋದು," ಅಂದ ಅಪ್ಪ. "ದೊರೆ ಎಂಡ್ತಿ ದೀಪ ಬುಟ್ಟು ಕೊಡೇನ ಮಾತ್ರ ತಕ್ಕಂಡೋಗವ್ಳೆ. ಅವ್ಳ ಮನೆ ಆಳಾಗ."

ಹೀಗೆ ಕೊಡೆಯಿಲ್ಲದ ದೀಪ ನಮ್ಮ ಮನೆಗೆ ಬಂತು. ಅಜ್ಜಿ ಬೆನ್ನು ಹಾಕಿ ಕೂತು ಉಣ್ಣುವುದನ್ನು ಕಲಿತಳು. ನಾನು ಬುರುಡೆ ಒರೆಸುವ ಮಹಾರಾಣಿಯಾದೆ. ಎರಡು ವರ್ಷ ಎಲ್ಲ ಸರಿಯಾಗಿತ್ತು. ಆಮೇಲೆ ಸಾಕಿ ಬಂದಳು.

ಸಾಕಿ ನನ್ನ ಅತ್ತೆಯ ಮಗಳು. ಅತ್ತೆ ಅಂದರೆ ಅಪ್ಪನ ಒಬ್ಬಳೇ ತಂಗಿ. ಅವಳನ್ನು ಕೋಟೆ ತಾಲ್ಲೂಕಿನ ಕಡೆ, ಬೇಗೂರಿನ ಹತ್ತಿರ ಕೊಟ್ಟಿದ್ದರು. ಕಾಡಂಚಿನ ಊರು, ಜ್ವರದ ಸೀಮೆ. ಅಲ್ಲಿ ಮಾವ ನಡುಗುವ ಜ್ವರದಲ್ಲಿ ಹೋದ. ತಿಥಿ ಮುಗಿದ ಮೇಲೆ ಅಪ್ಪ ಹೋಗಿ ಇಬ್ಬರನ್ನೂ ಗಾಡಿಯಲ್ಲಿ ಕರೆದುಕೊಂಡು ಬಂದ. ಅತ್ತೆ ಬರಿಗೈಯಲ್ಲಿ ಇಳಿದಳು, ನಿಜವಾಗಿಯೂ ಬರಿಗೈ, ಎರಡು ಮುಂಗೈಗಳೂ ಬೋಳು. ಅವಳ ಹಿಂದೆ ನನಗಿಂತ ಒಂದು ವರ್ಷ ಚಿಕ್ಕವಳಾದ ಸಾಕಿ ಇಳಿದಳು. ಅವಳಿಗೂ ಜ್ವರ ಬಂದು ಹೋಗಿ, ಕೈಕಾಲು ಹಂಚಿಕಡ್ಡಿಯಾಗಿದ್ದವು. ಅಜ್ಜಿ ಮಗಳನ್ನೂ ಮೊಮ್ಮಗಳನ್ನೂ ತಬ್ಬಿಕೊಂಡು ಅತ್ತಳು. ಅಪ್ಪ ತಲೆ ತಗ್ಗಿಸಿಕೊಂಡು ಎತ್ತು ಬಿಚ್ಚಿದ. ಅವ್ವ ಎರಡು ಮುದ್ದೆ ಹೆಚ್ಚಿಗೆ ತಿರುವಿದಳು, ಮುಖದಲ್ಲಿ ಏನನ್ನೂ ತೋರಿಸಲಿಲ್ಲ. ನಾನು ಅಯ್ಯೋ ಪಾಪ ಅಂದುಕೊಂಡೆ. ಅಂದುಕೊಂಡದ್ದು ಎಂಟು ದಿನ.

ಒಂಬತ್ತನೇ ದಿನ ನನ್ನ ಕೈ ಬುರುಡೆಯೊಳಗೆ ಹೋಯಿತು, ಹೊರಗೆ ಬರಲಿಲ್ಲ. ಆ ವರ್ಷ ನಾನು ಬೆಳೆಯುತ್ತಿದ್ದೆ, ಅದು ನನ್ನ ತಪ್ಪೇ? ಅಜ್ಜಿ ಹರಳೆಣ್ಣೆ ಸುರಿದಳು, ಅವ್ವ ಸೀಗೆಪುಡಿ ಹಚ್ಚಿದಳು, ಅಣ್ಣ ಎಳೆದ. ಗಾಜು ಚಟ್ ಅಂತು. ಹುಣಸೂರು ಸಂತೆಯಿಂದ ಹೊಸ ಬುರುಡೆ ಬರುವವರೆಗೆ ಹತ್ತು ದಿನ ಹರಳೆಣ್ಣೆ ದೀಪವೇ ಗತಿಯಾಯಿತು. ಹೊಸದು ಬಂದ ಸಂಜೆ ನಾನು ಬೂದಿಯ ಬಟ್ಟೆ ಹಿಡಿದುಕೊಂಡು ಹೊಸ್ತಿಲ ಮೇಲೆ ಕೂರುವ ಮೊದಲೇ ಅಪ್ಪ ಅದನ್ನು ಸಾಕಿಯ ಕೈಗೆ ಕೊಟ್ಟ. ಜ್ವರದಲ್ಲಿ ಒಣಗಿದ ಆ ಕೈ ಮೊಣಕೈವರೆಗೂ ಒಳಗೆ ಹೋಯಿತು. ಅವಳು ನನ್ನ ಕಡೆ ನೋಡಿ, ಒಳಗಿಂದಲೇ ಬೆರಳಾಡಿಸಿ ತೋರಿಸಿದಳು. ಅಪ್ಪ ದೀಪ ಹಚ್ಚಿ ಹಿಂದೆ ಸರಿದು ನೋಡಿದ.

"ಸಾಕಿ ಬಂದ್ಲು, ದೀಪಕ್ಕೆ ಕಣ್ ಬಂತು ಕಣ್ಲಾ."

ನನಗೆ ಹೊಟ್ಟೆಕಿಚ್ಚು ಹತ್ತಿಕೊಂಡಿತು. ಮಗುವಿನ ಮನಸ್ಸಿಗೆ ನೋವಾಯಿತು, ಒಂಟಿತನ ಕಾಡಿತು ಅಂತೆಲ್ಲ ನಯವಾಗಿ ಹೇಳಲು ಬರುತ್ತದೆ, ನನಗೂ ನಾಲ್ಕಕ್ಷರ ಗೊತ್ತು. ಆದರೆ ಅದು ಹೊಟ್ಟೆಕಿಚ್ಚೇ. ಅಪ್ಪ ಸತ್ತು, ಊರು ಬಿಟ್ಟು, ಜ್ವರದಲ್ಲಿ ನವೆದು ಬಂದ ಹುಡುಗಿಯ ಸಣಕಲು ಕೈಯನ್ನು ನೋಡಿ ನಾನು ಉರಿದೆ. ನನಗೂ ಜ್ವರ ಬರಲಿ ಅಂತ ಮಳೆಯಲ್ಲಿ ನೆನೆದೆ. ನೆಗಡಿಯಷ್ಟೇ ಬಂತು.

ಸಾಕಿಯೇನು ಬಾಯಿಲ್ಲದ ಪಾಪದ ಹುಡುಗಿಯಲ್ಲ. ಅದನ್ನೂ ಹೇಳಿಬಿಡಬೇಕು. ಅವಳಿಗೆ ಹೊಗಳಿಕೆಯೆಂದರೆ ಬೆಲ್ಲ. ಕೆಲಸ ಮಾಡುವಾಗ ಮೂಗಿನಲ್ಲಿ ರಾಗ ಎಳೆಯುತ್ತಿದ್ದಳು, ಯಾರಾದರೂ ನೋಡುತ್ತಿದ್ದಾರೆಂದು ಗೊತ್ತಾದರೆ ರಾಗ ಇನ್ನೂ ಉದ್ದವಾಗುತ್ತಿತ್ತು. ಅಪ್ಪನನ್ನು "ಮಾವಯ್ಯ" ಅಂತ ಕರೆಯುವಾಗ ಕೊನೆಯ ಅಕ್ಷರವನ್ನು ಬಿಡಲಾರದೆ ಬಿಡುತ್ತಿದ್ದಳು. ಅಪ್ಪ ಸಂತೆಯಿಂದ ಬಂದರೆ ಮೊದಲು ಅತ್ತೆಯನ್ನು ಕೂಗುತ್ತಿದ್ದ, ಕಡಲೆಪುರಿಯ ಪೊಟ್ಟಣ ಮೊದಲು ಆ ಕಡೆ ಹೋಗುತ್ತಿತ್ತು. ಅವ್ವ ಒಲೆಯ ಮುಂದೆ ಕೂತು ಅದನ್ನು ನೋಡುತ್ತಿದ್ದಳು. ನಾನು ಅವ್ವನನ್ನು ಗಮನಿಸಲಿಲ್ಲ, ನನ್ನ ಉರಿಯೇ ನನಗೆ ಸಾಕಾಗಿತ್ತು.

ಅಷ್ಟರಲ್ಲಿ ಅಣ್ಣನಿಗೆ ಹೆಣ್ಣು ಗೊತ್ತಾಯಿತು. ಹಾರನಹಳ್ಳಿಯ ಹುಡುಗಿ. ನಮ್ಮವರು ಹುಡುಗಿ ನೋಡಿ ಬಂದಿದ್ದರು, ಇನ್ನು ಹುಡುಗಿಯ ಕಡೆಯವರು ಬಂದು ಮನೆ ನೋಡಬೇಕು. ಮನೆ ನೋಡುವುದೆಂದರೆ ಬರಿ ಮನೆಯಲ್ಲ. ಕಣಜ ನೋಡುತ್ತಾರೆ, ದನದ ಹಲ್ಲು ನೋಡುತ್ತಾರೆ, ನೀರು ಕುಡಿಯುವ ನೆಪದಲ್ಲಿ ಒಳಗೆ ಬಂದು ಅಡುಗೆಯ ಪಾತ್ರೆ ನೋಡುತ್ತಾರೆ, ಯಾರು ಯಾರ ಮಾತು ಕೇಳುತ್ತಾರೆ ಅಂತ ನೋಡುತ್ತಾರೆ. ಅಪ್ಪನಿಗೆ ದೊರೆ ದೀಪದ ಮೇಲೆ ಕಣ್ಣು. ಹಾರನಹಳ್ಳಿಯಲ್ಲಿ ಅಂಥದ್ದು ಯಾರ ಮನೆಯಲ್ಲೂ ಇಲ್ಲ ಅಂತ ವಿಚಾರಿಸಿಕೊಂಡು ಬಂದಿದ್ದ.

"ಅದ್ಕೊಂದು ಕೊಡೆ ಮಾಡ್ರಮ್ಮಿ," ಅಂದ, ನಮ್ಮಿಬ್ಬರನ್ನೂ ಕೂರಿಸಿಕೊಂಡು. "ಬಂದೋರು ಕಣ್ ಮುಚ್ಕಂಡು ಉಣ್ಣಂಗಾಗಬಾರ್ದು. ಯಾರ್ದು ಚೆಂದಾಗಿರ್ತದೋ ಅವ್ಳೇ ಈ ದೀಪದ ಯಜಮಾನ್ತಿ."

ನಾನು ಆ ದಿನವೇ ಶುರುಮಾಡಿದೆ. ಮೊರ ಹೆಣೆಯುವವರ ಹತ್ತಿರ ಬಿದಿರಿನ ಸೀಳು ಈಸಿಕೊಂಡು ಬಂದು, ಬುಟ್ಟಿ ಬೋರಲು ಹಾಕಿದ ಹಾಗೆ ಕಟ್ಟಿ, ಅವ್ವನ ಹಳೇ ಕೆಂಪು ಸೀರೆಯ ತುಂಡನ್ನು ಅದಕ್ಕೆ ಸುತ್ತಿ ಹೊಲಿದೆ. ಬಿಗಿಯಾಗಿ ನಿಲ್ಲಲಿ ಅಂತ ಗಂಜಿ ಹಚ್ಚಿದೆ. ಮೂರು ದಿನದ ಕೆಲಸ. ದೀಪದ ಮೇಲೆ ಕೂರಿಸಿದಾಗ ನಡುಮನೆಯೆಲ್ಲ ಕೆಂಪಗಾಗಿ ಎಷ್ಟು ಚೆನ್ನಾಗಿತ್ತು ಅಂದರೆ, ಅಜ್ಜಿ ಕೂಡ ಈ ಕಡೆ ತಿರುಗಿದಳು. ಊಟಕ್ಕೆ ಕೂತು ಎರಡು ತುತ್ತು ನುಂಗಿರಲಿಲ್ಲ, ಗಂಜಿ ಸೀದ ವಾಸನೆ ಬಂತು. ಕೊಡೆಯ ನೆತ್ತಿಯಲ್ಲಿ ಕಂದು ಮಚ್ಚೆ ಎದ್ದು, ನೋಡುತ್ತಿದ್ದ ಹಾಗೇ ಭಗ್ ಅಂತು. ದನ ಕೂಗಿಕೊಂಡವು. ಅಣ್ಣ ಅದನ್ನು ಮೊರದಿಂದ ಹೊಡೆದು ಕೆಳಗೆ ಬೀಳಿಸಿ ಸಾರಿನ ಪಾತ್ರೆಯನ್ನೇ ಅದರ ಮೇಲೆ ಸುರಿದ. ಅಪ್ಪ ನಕ್ಕ. ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕ, ನಗು ನಿಂತ ಮೇಲೂ ನನ್ನ ಮುಖ ನೋಡಿ ಮತ್ತೆ ನಕ್ಕ. ಬೈದಿದ್ದರೆ ಚೆನ್ನಾಗಿತ್ತು.

ಸಾಕಿ ನಗಲಿಲ್ಲ. ಸುಟ್ಟ ಬಟ್ಟೆಯನ್ನು ಎತ್ತಿ ನೋಡಿ, "ಬಟ್ಟೆ ಸುಡ್ತದೆ. ಗಾಜು ಸುಡಾಕಿಲ್ಲ," ಅಂದಳು.

ಬಳೆಚೂರಿನ ಆಟ ನಮ್ಮ ಕಡೆಯ ಹೆಣ್ಣುಮಕ್ಕಳಿಗೆಲ್ಲ ಗೊತ್ತು. ಒಡೆದ ಬಳೆಯ ಚೂರನ್ನು ದೀಪದ ಕುಡಿಗೆ ಹಿಡಿದರೆ ಗಾಜು ಮೆತ್ತಗಾಗುತ್ತದೆ, ಆಗ ಎರಡು ತುದಿಯನ್ನೂ ಬಗ್ಗಿಸಿ ಸೇರಿಸಿದರೆ ಉಂಗುರವಾಗುತ್ತದೆ. ಅದರೊಳಗೆ ಇನ್ನೊಂದು ಚೂರು ತೂರಿಸಿ ಅದನ್ನೂ ಬಗ್ಗಿಸಿದರೆ ಸರಪಣಿ. ನಾವೆಲ್ಲ ಗೇಣುದ್ದ ಮಾಡಿ ಬೇಜಾರಾಗಿ ಬಿಟ್ಟವರೇ. ಸಾಕಿ ಹಿತ್ತಾಳೆಯ ಬಳೆಯ ಒಂದೊಂದು ತೂತಿಗೂ ಒಂದೊಂದು ಸರಪಣಿ ಇಳಿಬಿಡುತ್ತೇನೆ ಅಂದಳು. ತೂತುಗಳೆಷ್ಟು ಅಂತ ಎಣಿಸಿ ನಾನು ನಕ್ಕೆ. ಅವಳು ಅಜ್ಜಿಯ ಮುಳ್ಳು ಕೀಳುವ ಚಿಮ್ಮಟ ಈಸಿಕೊಂಡು ಕೆಲಸಕ್ಕೆ ಕೂತಳು.

ಚೂರುಗಳನ್ನು ಕೂಡಿಸಲು ಮನೆ ಮನೆಗೆ ಹೋಗಬೇಕಾಗಿತ್ತು. ಹೊರಡುವ ಮೊದಲು ಅತ್ತೆ ಅವಳ ತೋಳು ಹಿಡಿದುಕೊಂಡು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ, ಯಾಕೆಂದರೆ ಡಬ್ಬ ಹಿಡಿದುಕೊಂಡು ಜೊತೆಗೆ ಹೋಗು ಅಂತ ಅವ್ವ ನನ್ನನ್ನೂ ಅಟ್ಟಿದ್ದಳು.

"ಯಾರ್ ಕೈ ಬಳೆ ಅಂತ ಕೇಳ್ಕಂಡೇ ಈಸ್ಕೊ, ಸಾಕಿ. ಮುತ್ತೈದೇರದ್ದು, ಉಡ್ಗೀರದ್ದು ಮಾತ್ರ. ತಿಳೀತಾ?"

ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಕೆಲಸ ಮಾಡುವಾಗ ಒಡೆದ ಬಳೆ ಬೇರೆ, ಗಂಡ ಸತ್ತಾಗ ಹೊಳೆಯ ದಡದಲ್ಲಿ ಒಡೆಸುವ ಬಳೆ ಬೇರೆ. ಆ ಚೂರುಗಳು ನೀರಿಗೇ ಹೋಗಬೇಕು, ಒಂದೇ ಒಂದು ಕೂಡ ಮನೆಯೊಳಗೆ ಬರಬಾರದು. ನಾವು ಹೋದ ಮನೆಗಳಲ್ಲೆಲ್ಲ ಹೆಂಗಸರು ತಾವಾಗಿಯೇ ಇದು ನನ್ನದು, ಇದು ನನ್ನ ಸೊಸೆಯದು ಅಂತ ಹೇಳಿ ಡಬ್ಬಕ್ಕೆ ಹಾಕುತ್ತಿದ್ದರು. ಕೆಂಪು, ನೀಲಿ, ಹಳದಿ, ಕಪ್ಪು ಬೇಕಾದಷ್ಟು ಸಿಕ್ಕವು. ಹಸಿರು ಸಾಲಲಿಲ್ಲ. ಸಾಕಿಗೆ ಹಸಿರೇ ಹೆಚ್ಚು ಬೇಕು, ಅಜ್ಜಿಯ ಕಣ್ಣಿಗೆ ತಂಪು ಅಂತ.

ಆ ವಾರವೇ ಬಳೆಗಾರ ಶೆಟ್ಟಿ ಬಂದ. ಮನೆ ನೋಡಲು ಬರುತ್ತಾರಲ್ಲ, ಅವ್ವ ಹೊಸ ಹಸಿರು ಬಳೆ ತೊಡಬೇಕು. ಜಗುಲಿಯ ಮೇಲೆ ಕೂತು ಶೆಟ್ಟಿ ಅವ್ವನ ಕೈ ಹಿಸುಕಿ ಹಿಸುಕಿ ಬಳೆ ಏರಿಸಿದ. ಒರಟು ಕೈ, ಒಂದು ಏರುವಷ್ಟರಲ್ಲಿ ಒಂದು ಒಡೆಯುತ್ತಿತ್ತು. ತೊಡಿಸುವಾಗ ಒಡೆದ ಬಳೆ ಶೆಟ್ಟಿಯ ಲೆಕ್ಕಕ್ಕೆ, ಅದು ಪದ್ಧತಿ. ಅವನು ಆ ಚೂರುಗಳನ್ನೆಲ್ಲ ಗುಡ್ಡೆ ಮಾಡಿ, ಗಂಟಿನ ತಳದಲ್ಲಿದ್ದ ಇನ್ನಷ್ಟು ಹಸಿರು ಚೂರನ್ನೂ ಸೇರಿಸಿ, "ತಕ್ಕೊ ಮಗ," ಅಂತ ಸಾಕಿಯ ಮಡಿಲಿಗೆ ಸುರಿದ. ಕೈಗೆ ನೀರು ಹಾಕುವ ಚೊಂಬು ಹಿಡಿದು ನಾನು ಪಕ್ಕದಲ್ಲೇ ನಿಂತಿದ್ದೆ. ಅಜ್ಜಿ ಒಳಗೆ ಮಲಗಿದ್ದಳು, ಕೆಲಸದಲ್ಲಿದ್ದ ಅಪ್ಪ, ಅತ್ತೆ, ಅಣ್ಣ ಯಾರೂ ಅಲ್ಲಿರಲಿಲ್ಲ.

ಕೊಡೆ ಮುಗಿಯಲು ಹದಿನೈದು ದಿನ ಹಿಡಿಯಿತು. ಸಾಕಿಯ ಬೆರಳಿನ ತುದಿಗಳೆಲ್ಲ ಬೊಬ್ಬೆ. ಮಸಿ ಹಿಡಿದ ಉಂಗುರಗಳನ್ನು ಹುಣಸೆಹಣ್ಣಿನಲ್ಲಿ ಉಜ್ಜಿ ತೊಳೆದು, ಒಂದೊಂದೇ ಸರಪಣಿಯನ್ನು ತೂತಿಗೆ ಸಿಕ್ಕಿಸಿದಳು. ಹೊರಸಾಲು ಹಸಿರು, ಒಳಸಾಲು ಎಲ್ಲ ಬಣ್ಣದ ಬೆರಕೆ. ಮೊದಲ ಸಲ ಹಚ್ಚಿದಾಗ ಗೋಡೆಯ ಮೇಲೆ, ಕಣಜದ ಮೇಲೆ, ದನದ ಬೆನ್ನಿನ ಮೇಲೆ ಬಣ್ಣದ ಚುಕ್ಕೆಗಳು. ಯಾರಾದರೂ ನಡೆದರೆ ಸರಪಣಿ ಅಲುಗಿ ಸಣ್ಣಗೆ ಕಿಣಿಕಿಣಿ ಅನ್ನುತ್ತಿತ್ತು. ಎರಡು ವರ್ಷ ಬೆನ್ನು ಹಾಕಿ ಕೂತಿದ್ದ ಅಜ್ಜಿ ದೀಪದ ಎದುರಿಗೇ ಬಂದು ಕೂತು ಮುಖ ಎತ್ತಿದಳು. ಚೆನ್ನಾಗಿತ್ತು, ಅಷ್ಟು ಚೆನ್ನಾದ ವಸ್ತುವನ್ನು ನಾನು ಆಮೇಲೆ ಕಂಡಿಲ್ಲ. ಅದಕ್ಕೇ ತಡೆಯಲಾಗಲಿಲ್ಲ. ಕೆಟ್ಟದಾಗಿದ್ದರೆ ಸಾಕಿಯನ್ನು ನಾನೇ ಸಮಾಧಾನ ಮಾಡುತ್ತಿದ್ದೆ.

"ನೀನೇ ಕಣಮ್ಮಿ ಯಜಮಾನ್ತಿ," ಅಂದ ಅಪ್ಪ ಅವಳ ತಲೆಯ ಮೇಲೆ ಕೈಯಿಟ್ಟು. ಆಮೇಲೆ ಅತ್ತೆಯ ಕಡೆ ತಿರುಗಿ, "ಇನ್ ಮ್ಯಾಲೆ ಎಲ್ಗೋಗನ, ಏನ್ಮಾಡನ ಅಂತ ಅಳಬ್ಯಾಡ. ಈ ಉಡ್ಗಿ ಮದ್ವೆ ನಾನೇ ಮಾಡ್ತೀನಿ. ಇದೇ ನಿಮ್ ಮನೆ," ಅಂದ.

ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅವರಿಬ್ಬರಿಗೂ ಅವತ್ತು ನೆಲೆ ಸಿಕ್ಕಿತು. ನನಗೆ ಮಾತ್ರ ನನ್ನ ಮನೆಯಲ್ಲೇ ಕೂರಲು ಜಾಗವಿಲ್ಲದಂತಾಯಿತು.

ಹಾರನಹಳ್ಳಿಯವರು ಬಂದರು. ನಾಲ್ಕು ಜನ ಗಂಡಸರು, ಅವರನ್ನೆಲ್ಲ ಕಣ್ಸನ್ನೆಯಲ್ಲೇ ಆಡಿಸುತ್ತಿದ್ದ ಹುಡುಗಿಯ ಅಜ್ಜಿ ಒಬ್ಬಳು. ಮುದುಕಿ ಕಣಜ ತಟ್ಟಿ ನೋಡಿದಳು, ಎಮ್ಮೆಯ ಕೆಚ್ಚಲು ನೋಡಿದಳು. ಎಲ್ಲ ಒಪ್ಪಿಗೆಯಾಯಿತು. ಮುಸ್ಸಂಜೆ ಊಟಕ್ಕೆ ಎಲೆ ಹಾಕುವ ಮೊದಲು ಅಪ್ಪ ದೀಪ ಹಚ್ಚಿದ. ಅತ್ತೆ ಇಂಥ ಹೊತ್ತಿನಲ್ಲಿ ಎದುರಿಗೆ ಬರಬಾರದೆಂದು ದನದ ಕಡೆಯ ಕತ್ತಲಲ್ಲಿ ಕೂತಿದ್ದಳು. ಮುದುಕಿ ಬೆಳಕಿನ ಹತ್ತಿರ ಬಂದು ಸರಪಣಿಗಳ ಮೇಲೆ ಬೆರಳಾಡಿಸಿದಳು.

"ಇದ್ಯಾರಪ್ಪ ಮಾಡಿದ್ದು? ಅರಮನೇಲೂ ಇರಾಕಿಲ್ಲ ಬುಡು ಇಂಥದ್ದು."

"ನನ್ ತಂಗಿ ಮಗ್ಳು," ಅಂದ ಅಪ್ಪ. ಅಪ್ಪನ ದನಿಯಲ್ಲಿ ಅಷ್ಟೊಂದು ಹೆಮ್ಮೆಯನ್ನು ನಾನು ನನ್ನ ವಿಷಯಕ್ಕೆ ಕೇಳಿರಲಿಲ್ಲ.

ಸಾಕಿ ಮುಂದೆ ಬಂದು ನಿಂತಳು. "ನಿಮ್ಗೂ ಒಂದ್ ಮಾಡ್ಕೊಡ್ತೀನಿ ಅಜ್ಜಿ," ಅಂದಳು. ಮುದುಕಿ ನಕ್ಕು ಅವಳನ್ನು ಎಳೆದು ಮಗ್ಗುಲಲ್ಲಿ ಕೂರಿಸಿಕೊಂಡಳು.

"ಮಾಡ್ಕೊಡುವಂತೆ. ಇಷ್ಟೊಂದು ಅಸಿರು ಎಲ್ ಸಿಕ್ತು ಮಗ ನಿಂಗೆ?"

ಸಾಕಿ ಬಾಯಿ ತೆರೆದಳು. ಅವಳಿಗಿಂತ ಮುಂಚೆ ನನ್ನ ಬಾಯಿ ತೆರೆಯಿತು.

"ಅದು ನಮ್ಮತ್ತೇದು," ಅಂದೆ. "ಮಾವ ಸತ್ತಾಗ ಒಡ್ಸಿದ್ರಲ್ಲ, ಅದು. ಗಂಟ್ನಾಗೆ ಇಟ್ಕಂಡಿದ್ಲು."

ಮೊದಲೇ ಯೋಚಿಸಿ ಆಡಿದ ಮಾತಲ್ಲ ಅಂತ ಬರೆಯಲು ಆಸೆ. ಆದರೆ ಶೆಟ್ಟಿ ಬಂದ ದಿನದಿಂದ ಆ ಮಾತು ನನ್ನ ನಾಲಿಗೆಯ ಕೆಳಗೆ ಇತ್ತು. ಹೇಳಿದರೆ ಏನಾಗುತ್ತದೆ ಅಂತ ಮಲಗಿಕೊಂಡು ಎಷ್ಟೋ ಸಲ ನೋಡಿಕೊಂಡಿದ್ದೆ.

ಮುದುಕಿ ಕೈ ಹಿಂದಕ್ಕೆ ಎಳೆದುಕೊಂಡಳು. ಹಸಿರು ಬೆಳಕು ಬಿದ್ದಿದ್ದ ಮುಂಗೈಯನ್ನು ಸೆರಗಿಗೆ ಒರೆಸಿಕೊಂಡು, ಚಾಪೆ ಬಿಟ್ಟು ಗೋಡೆಯ ಕಡೆ ಸರಿದಳು. ಗಂಡಸರು ಕುಡಿಯುತ್ತಿದ್ದ ಪಾನಕವನ್ನು ಕೆಳಗಿಟ್ಟರು. ಅತ್ತೆ ಕತ್ತಲಿಂದ ಎದ್ದು ಬಂದಳು, ಎದುರಿಗೆ ಬರಬಾರದು ಅನ್ನುವುದನ್ನೂ ಮರೆತು.

"ಅಣ್ಣಯ್ಯ, ನನ್ ಬಳೇನ ನಾನೇ ಕಪಿಲೆ ವಳೆಗೆ ಬುಟ್ಟು ಬಂದಿವ್ನಿ. ಒಂದ್ ಚೂರೂ ತಂದಿಲ್ಲ. ಈ ಮಗೀನ ಮ್ಯಾಲಾಣೆ."

"ಶೆಟ್ರು ಕೊಟ್ಟಿದ್ದು!" ಅಂತ ಕಿರುಚಿದಳು ಸಾಕಿ. "ಕೆಂಪಕ್ಕ ಅಲ್ಲೇ ಇದ್ಲು!" ಆಮೇಲೆ ನಮ್ಮವ್ವನ ಕಡೆ ಕೈ ತೋರಿಸಿ, "ಅವ್ರ ಕೈದೇ ಒಡ್ದಿದ್ದು! ಕೇಳಿ ಬೇಕಾರೆ!" ಅಂದಳು.

ಎಲ್ಲರೂ ಅವ್ವನನ್ನು ನೋಡಿದರು. ನಾನೂ ನೋಡಿದೆ. ಅವ್ವ ಕೈಯಲ್ಲಿದ್ದ ಹೊಸ ಬಳೆಗಳನ್ನು ಮೇಲಕ್ಕೆ ಸರಿಸಿ, ಸಾರಿನ ಪಾತ್ರೆಗೆ ಸೌಟು ಹಾಕಿದಳು.

"ಬಳೆ ತೊಟ್ಕಳುವಾಗ ಚೂರು ಎಲ್ ಬಿತ್ತು, ಯಾರ್ ಆಯ್ಕಂಡ್ರು ಅಂತ ನಾನ್ಯಾಕವ್ವಾ ನೋಡ್ಲಿ? ನಂಗೊತ್ತಿಲ್ಲ."

ಅಪ್ಪ ನನ್ನ ಮುಂದೆ ಬಂದು ಕುಕ್ಕರುಗಾಲಲ್ಲಿ ಕೂತ. ಅವನ ಅರ್ಧ ಮುಖದ ಮೇಲೆ ಬಣ್ಣದ ಚುಕ್ಕೆಗಳಿದ್ದವು.

"ನೀನು ಕಣ್ಣಾರೆ ಕಂಡ್ಯಾ, ಕೆಂಪಿ?"

"ಊಂ," ಅಂದೆ.

"ಮಕ್ಳು ಸುಳ್ ಯೋಳ್ತವಾ?" ಅಂದಳು ಮುದುಕಿ. "ಸುಳ್ಳೇ ಆಗ್ಲಪ್ಪ, ಮಾತು ಬಿತ್ತಲ್ಲ. ನಮ್ ಉಡ್ಗಿ ದೀಪ ಅಚ್ಚಾಕೆ ಬರೋ ಮನೆ ಇದು. ಬಿದ್ ಮಾತ್ನ ಎತ್ತಾಕಾಯ್ತದ?"

ಅಪ್ಪ ಎದ್ದು, ಕಾದ ಹಿತ್ತಾಳೆಯ ಬಳೆಯನ್ನು ಬರಿಗೈಯಲ್ಲೇ ಎತ್ತಿ, ಸರಪಣಿಗಳ ಸಮೇತ ಹಿಡಿದುಕೊಂಡು ಕೆರೆಯ ಕಡೆ ಹೋದ. ಅಪ್ಪನ ಹೆಜ್ಜೆಯ ಜೊತೆ ಆ ಕಿಣಿಕಿಣಿ ಬೀದಿಯ ಕೊನೆಯವರೆಗೂ ಕೇಳುತ್ತಿತ್ತು. ಅವನು ಬರಿಗೈಯಲ್ಲಿ ವಾಪಸು ಬಂದ ಮೇಲೆ ಊಟಕ್ಕೆ ಬಡಿಸಿದರು. ಅಜ್ಜಿ ಮತ್ತೆ ಗೋಡೆಗೆ ತಿರುಗಿದ್ದಳು, ಈ ಸಲ ಉಣ್ಣಲಿಲ್ಲ. ಸಂಬಂಧ ಮುರಿಯಲಿಲ್ಲ. ಮದುವೆಯ ಹೊತ್ತಿಗೆ ಆ ಹೆಂಗಸು ಈ ಮನೆಯಲ್ಲಿರಬಾರದು ಅಂತ ಮುದುಕಿ ಕೈ ತೊಳೆಯುವಾಗ ಅವ್ವನಿಗೆ ಹೇಳಿ ಹೋದಳು. ಅವ್ವ ನನ್ನ ಮುದ್ದೆಗೆ ಕೇಳದೆಯೇ ತುಪ್ಪ ಹಾಕಿದಳು. ಆಗ ನನಗೆ ತಿಳಿಯಿತು, ಆ ಮನೆಯಲ್ಲಿ ಉರಿಯುತ್ತಿದ್ದವಳು ನಾನೊಬ್ಬಳೇ ಅಲ್ಲ ಅಂತ.

ಮೂರನೇ ದಿನ ಅತ್ತೆ ಗಂಟು ಕಟ್ಟಿದಳು. ಹುಣಸೂರಿನಲ್ಲಿ ಕಾಫಿ ಬೀಜ ಆರಿಸುವ ಕೆಲಸಕ್ಕೆ ಹೆಂಗಸರನ್ನು ತೆಗೆದುಕೊಳ್ಳುತ್ತಾರೆ ಅಂತ ಯಾರೋ ಹೇಳಿದ್ದರು. ಅಪ್ಪ ಬೇಡ ಅನ್ನಲಿಲ್ಲ. ಗಾಡಿ ಹೂಡಿದ. ಹೊರಡುವ ಮೊದಲು ಸಾಕಿ ಕೊಟ್ಟಿಗೆಯ ಮೂಲೆಗೆ ನನ್ನನ್ನು ತಳ್ಳಿಕೊಂಡು ಹೋಗಿ ತೋಳು ಕಚ್ಚಿದಳು. ರಕ್ತ ಬಂತು. ನಾನು ಕೂಗಲಿಲ್ಲ, ಯಾರಿಗೂ ಹೇಳಲೂ ಇಲ್ಲ. ಆ ವರ್ಷ ನಾನು ಮಾಡಿದ ಒಂದೇ ಒಂದು ಮರ್ಯಾದೆಯ ಕೆಲಸ ಅದು. ಅತ್ತೆ ಗಾಡಿ ಹತ್ತಿ ಕೂತ ಮೇಲೆ ನನ್ನ ಕಡೆ ನೋಡಿದಳು.

"ಬುರುಡೆಗೆ ಕೈ ಆಕಬ್ಯಾಡ. ಕಡ್ಡಿಗೆ ಬಟ್ಟೆ ಸುತ್ಕಂಡು ಒರ್ಸು," ಅಂದಳು.

ಪ್ರೀತಿಯಿಂದ ಹೇಳಿದಳೋ, ಚುಚ್ಚಿ ಹೇಳಿದಳೋ, ಇವತ್ತಿಗೂ ನನಗೆ ಬಗೆಹರಿದಿಲ್ಲ. ಅಜ್ಜಿ ಗಾಡಿಯ ಚಕ್ರ ಹಿಡಿದುಕೊಂಡು ಬಿಡಲೊಲ್ಲಳು. ಅಣ್ಣ ಅವಳ ಬೆರಳುಗಳನ್ನು ಬಿಡಿಸಬೇಕಾಯಿತು.

ಅಲ್ಲಿಂದ ಮುಂದೆ ಕಡ್ಡಿಗೆ ಬಟ್ಟೆ ಸುತ್ತಿಕೊಂಡು ಬುರುಡೆ ಒರೆಸುವವಳು ನಾನೇ ಆದೆ. ಅಪ್ಪ ದೀಪ ಹಚ್ಚುತ್ತಿದ್ದ, ಹಿಂದೆ ಸರಿದು ನೋಡುತ್ತಿರಲಿಲ್ಲ. ಅಣ್ಣನ ಮದುವೆಗೆ ಅತ್ತೆ ಬರಲಿಲ್ಲ, ಅಜ್ಜಿಯ ತಿಥಿಗೆ ಬಂದಳು. ಜೊತೆಗೆ ಸಾಕಿ. ಹುಣಸೂರಿನಲ್ಲೇ ಯಾರೋ ಗಾಡಿ ಬಡಗಿಯನ್ನು ಮದುವೆಯಾಗಿ, ಮೈಕೈ ತುಂಬಿಕೊಂಡು, ಎರಡು ಕೈಗೂ ಮೊಣಕೈವರೆಗೆ ಬಳೆ ತೊಟ್ಟಿದ್ದಳು. ನನ್ನ ಜೊತೆ ಮಾತಾಡಲಿಲ್ಲ. ನಾನು ಅವಳ ಬಳೆಗಳನ್ನೇ ನೋಡಿದೆ, ಇವಳ ಗಂಡ ಇವಳಿಗೆ ಇಷ್ಟು ಕೊಡಿಸಿದ್ದಾನಲ್ಲ ಅಂತ. ನನ್ನ ಬುದ್ಧಿ ಎಲ್ಲಿ ಹೋಗುತ್ತದೆ?

ಅಪ್ಪನಿಗೆ ವಯಸ್ಸಾಗಿ, ಅವ್ವನೂ ಹೋದ ಮೇಲೆ, ಅವನು ಒಂದು ಬೇಸಿಗೆಯಲ್ಲಿ ಕೃಷ್ಣರಾಜನಗರದ ಹತ್ತಿರದ ನನ್ನ ಗಂಡನ ಮನೆಗೆ ಬಂದು ತಿಂಗಳಿದ್ದ. ಆಗ ನನಗೆ ಮೂರು ಮಕ್ಕಳು. ಒಂದು ಮಧ್ಯಾಹ್ನ ಊಟವಾದ ಮೇಲೆ ಜಗುಲಿಯಲ್ಲಿ ಎಲೆಯಡಿಕೆ ಮಡಿಸಿಕೊಡುತ್ತಾ ಕೂತಿದ್ದಾಗ ಹೇಳಿಬಿಟ್ಟೆ. ಇಪ್ಪತ್ತು ವರ್ಷ ಹೊತ್ತ ಮಾತು, ಆಡಲು ಎಲೆಗೆ ಸುಣ್ಣ ಹಚ್ಚುವಷ್ಟು ಹೊತ್ತೂ ಬೇಕಾಗಲಿಲ್ಲ.

"ಅಪ್ಪೋ, ಆ ಅಸಿರು ಬಳೆ ಅತ್ತೇದಲ್ಲ ಕಣಪ್ಪ. ನಾನು ಸುಳ್ ಯೋಳ್ದೆ."

ಅಪ್ಪ ಎಲೆಯನ್ನು ಬಾಯಿಗಿಟ್ಟುಕೊಂಡು ನಿಧಾನವಾಗಿ ಅಗಿದ.

"ಗೊತ್ತು ಕಣವ್ವಾ. ಅವತ್ತೇ ಗೊತ್ತಿತ್ತು."

"ಅವ್ವ ಯೋಳಿದ್ಲಾ?"

"ಯಾರ್ ಯೋಳ್ಬೇಕು? ನೀನು ಊಂ ಅಂದಾಗ ನಿನ್ ಮೊಕ ನೋಡ್ದೆ. ನಿನ್ನ ಎತ್ತಿ ಆಡ್ಸಿದೋನು ನಾನು."

"ಮತ್ಯಾಕೆ ಅಂಗೆ ಮಾಡ್ದೆ? ಅತ್ತೇನ ಯಾಕ್ ಕಳ್ಸಿದೆ?"

ಅವನು ಬೀದಿಗೆ ಉಗಿದು ಬಂದು ಮತ್ತೆ ಕೂತ. ಅವನ ಕಣ್ಣಿಗೂ ಅಜ್ಜಿಯ ಹಾಗೆ ಪೊರೆ ಬಂದಿತ್ತು.

"ನಾಕ್ ಜನದ್ ಮುಂದೆ ಮಗ್ಳು ಸುಳ್ಳಿ ಅನ್ಸಿದ್ರೆ ನಿನ್ನ ಯಾರ್ ಮದ್ವೆ ಆಯ್ತಿದ್ರು? ಸ್ವಂತ್ ಅತ್ತೇಗೇ ಮಸಿ ಬಳ್ದೋಳು ಅಂತಿದ್ರು. ಇಬ್ರಲ್ಲಿ ಒಬ್ರು ಅಂತಾಯ್ತು. ತಂಗಿ ಓದ್ರೆ ಓಗ್ಲಿ ಅಂದ್ಕಂಡೆ. ನೀನ್ ನನ್ ಮಗ್ಳು."

ಆ ಮಾತಿಗೆ ನಾನು ಅಳಬೇಕಿತ್ತು. ಅವನ ಕಾಲು ಹಿಡಿಯಬೇಕಿತ್ತು. ಮೊದಲು ನನಗೆ ಆದದ್ದು ಸಂತೋಷ. ಮೂರು ಮಕ್ಕಳ ತಾಯಿ, ತಲೆಯಲ್ಲಿ ಒಂದೆರಡು ಬಿಳಿ ಕೂದಲು ಬಂದ ಹೆಂಗಸು, ಹತ್ತು ವರ್ಷದ ಹುಡುಗಿಯ ಹಾಗೆ ಮೈಯೆಲ್ಲ ಬೆಚ್ಚಗಾಗಿ ಕೂತಿದ್ದೆ. ಅಪ್ಪ ಎಲ್ಲ ಗೊತ್ತಿದ್ದೂ ನನ್ನನ್ನೇ ಆರಿಸಿಕೊಂಡಿದ್ದ. ನಾಚಿಕೆ ಆಮೇಲೆ ಬಂತು, ಅದು ಬಂದಾಗ ನನ್ನ ಬಾಯಲ್ಲಿ ಇನ್ನೂ ನಗು ಇತ್ತು. ಹುಣಸೂರಿನ ಒಂದು ಬಾಡಿಗೆ ಗೂಡಿನಲ್ಲಿ ಅತ್ತೆ ತೀರಿಕೊಂಡು ಆಗಲೇ ಎರಡು ವರ್ಷವಾಗಿತ್ತು.